ಮಣ್ಣಿಲ್ಲದ ತೋಟದಲ್ಲಿ ಪಾರ್ಸ್ಲಿ

ಗಿಡವು ಬೆಳೆಯಬೇಕಾದರೆ ಮಣ್ಣು ಬೇಕೇ ಬೇಕೆ? ಈ ಪ್ರಶ್ನೆಯನ್ನು ಹಳ್ಳಿಯ ಹಿರಿಯರೊಬ್ಬರ ಮುಂದಿಟ್ಟರೆ ಅವರು ನಕ್ಕು ಸುಮ್ಮನಾದಾರು. ಆದರೆ ಸೀಸೆಯ ನೀರಿನಲ್ಲಿಟ್ಟ ಮನಿಪ್ಲಾಂಟ್ ಬಳ್ಳಿಯು ತಿಂಗಳುಗಟ್ಟಲೆ ಹಸುರಾಗಿರುವುದನ್ನೂ, ನೀರು ತುಂಬಿದ ಲೋಟದ ಬಾಯಿಯ ಮೇಲೆ ಕೂರಿಸಿದ ಈರುಳ್ಳಿಯು ಬಿಳಿಯ ಬೇರುಗಳನ್ನು ಇಳಿಬಿಡುವುದನ್ನೂ ನಾವೆಲ್ಲರೂ ಕಂಡಿದ್ದೇವೆ. ಹಾಗಾದರೆ ಮಣ್ಣು ಗಿಡಕ್ಕೆ ಕೊಡುವುದಾದರೂ ಏನನ್ನು? ಅದು ಕೊಡುವುದನ್ನೆಲ್ಲ ನಾವೇ ಕೈಯಾರೆ ಒದಗಿಸಿದರೆ, ಮನೆಯೊಳಗಿನ ಒಂದು ಮೂಲೆಯಲ್ಲಿ, ಹಿಡಿ ಮಣ್ಣೂ ಇಲ್ಲದೆ, ಆರೋಗ್ಯವಾದ ಸೊಪ್ಪನ್ನು ಬೆಳೆಯಬಹುದಲ್ಲವೆ? ಬೆಳೆಯಬಹುದು. ಈ ವಿಧಾನಕ್ಕೆ ಜಲಕೃಷಿಯೆಂದು ಹೆಸರು. ಈ ಲೇಖನದಲ್ಲಿ ಪಾರ್ಸ್ಲಿ ಎಂಬ ಒಂದೇ ಸೊಪ್ಪನ್ನು ಉದಾಹರಣೆಯಾಗಿಟ್ಟುಕೊಂಡು ಅದರ ತತ್ತ್ವವನ್ನು ವಿಚಾರ ಮಾಡೋಣ. ಜೊತೆಗೆ, ಈ ಪ್ರಯತ್ನದಲ್ಲಿ ನಾವು ಹೇಗೆ ತಪ್ಪಿದೆವೆಂಬುದನ್ನೂ ಮುಚ್ಚಿಡದೆ ಹೇಳುತ್ತೇವೆ. ಏಕೆಂದರೆ ನಮಗೆ ಗೆಲುವಿಗಿಂತ ಆ ತಪ್ಪೇ ಹೆಚ್ಚನ್ನು ಕಲಿಸಿತು.

ಎರಡು ಔನ್ಸಿನ ರಹಸ್ಯ

ಹದಿನೇಳನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿಯು ಒಂದು ಸರಳವಾದ ಪ್ರಯೋಗವನ್ನು ಮಾಡಿದನು. ೨೦೦ ಪೌಂಡು ಒಣಮಣ್ಣನ್ನು ತೂಗಿ ದೊಡ್ಡ ಕುಂಡದಲ್ಲಿ ತುಂಬಿ, ಅದರಲ್ಲಿ ೫ ಪೌಂಡು ತೂಕದ ವಿಲ್ಲೋ ಮರದ ಸಸಿಯೊಂದನ್ನು ನೆಟ್ಟು, ಐದು ವರ್ಷಗಳ ಕಾಲ ನೀರನ್ನಲ್ಲದೆ ಬೇರೇನನ್ನೂ ಅದಕ್ಕೆ ಹಾಕಲಿಲ್ಲ. ಕೊನೆಯಲ್ಲಿ ಮರವನ್ನು ತೂಗಿದಾಗ ಅದು ಸುಮಾರು ೧೬೯ ಪೌಂಡು ಇದ್ದಿತು. ಮಣ್ಣನ್ನು ಒಣಗಿಸಿ ತೂಗಿದಾಗ ಕಡಮೆಯಾಗಿದ್ದುದು ಸುಮಾರು ೨ ಔನ್ಸು ಮಾತ್ರ. ಮರದ ಮೈಯೆಲ್ಲವೂ ನೀರಿನಿಂದಲೇ ಆಯಿತೆಂದು ಆತನು ತೀರ್ಮಾನಿಸಿದನು. ಈ ವೃತ್ತಾಂತವು ಆತನ ಮರಣಾನಂತರ ೧೬೪೮ರಲ್ಲಿ ಪ್ರಕಟವಾಯಿತು.

ತೂಕವು ಸರಿಯಾಗಿತ್ತು; ತೀರ್ಮಾನವು ತಪ್ಪಾಗಿತ್ತು. ಮರದ ಒಣತೂಕದ ಬಹುಪಾಲು ಬಂದುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡಿನಿಂದ. ವಿಚಿತ್ರವೆಂದರೆ, "ಗ್ಯಾಸ್" ಎಂಬ ಪದವನ್ನು ಲೋಕಕ್ಕೆ ಕೊಟ್ಟವನೂ, ಇದ್ದಲು ಉರಿದಾಗ ಹೊರಡುವ ಅನಿಲವನ್ನು ಗುರುತಿಸಿದವನೂ ಈ ವಾನ್ ಹೆಲ್ಮಾಂಟನೇ! ತನ್ನ ಮರವನ್ನು ಕಟ್ಟಿದ ವಸ್ತುವಿಗೆ ತಾನೇ ಹೆಸರಿಟ್ಟಿದ್ದರೂ ಅದನ್ನು ಅಲ್ಲಿ ಆತನು ಕಾಣಲಿಲ್ಲ. ಇನ್ನು ಆ ಎರಡು ಔನ್ಸು? ಅಷ್ಟು ದೊಡ್ಡ ತೂಕದಲ್ಲಿ ಅದು ಲೆಕ್ಕಕ್ಕೆ ಬಾರದೆಂದು ಬಿಟ್ಟನು. ಜಲಕೃಷಿಯ ವಿಜ್ಞಾನವೆಲ್ಲವೂ ಹೀಗೆ ಬಿಟ್ಟುಹೋದ ಆ ಎರಡು ಔನ್ಸಿನಲ್ಲಿಯೇ ಅಡಗಿದೆಯೆನ್ನಬಹುದು.

೧೬೯೯ರಲ್ಲಿ ಇಂಗ್ಲೆಂಡಿನ ಜಾನ್ ವುಡ್ವರ್ಡ್ ಎಂಬಾತನು ಪುದೀನದ ಜಾತಿಯ ಗಿಡಗಳನ್ನು ಬೇರೆ ಬೇರೆ ನೀರುಗಳಲ್ಲಿ ಬೆಳೆದು ನೋಡಿದನು. ಶುದ್ಧವಾದ ಮಳೆನೀರಿಗಿಂತ ಮಣ್ಣು ಬೆರೆತ ನೀರಿನಲ್ಲಿ ಗಿಡವು ಚೆನ್ನಾಗಿ ಬೆಳೆಯಿತು. ಅಂದಮೇಲೆ ಮಣ್ಣಿನಿಂದ ನೀರಿಗಿಳಿದ ಏನೋ ಒಂದು ವಸ್ತು ಗಿಡಕ್ಕೆ ಬೇಕೆಂದಾಯಿತು. ೧೮೬೦ರ ಸುಮಾರಿಗೆ ಜರ್ಮನಿಯ ಸ್ಯಾಕ್ಸ್ ಮತ್ತು ಕ್ನಾಪ್ ಎಂಬ ವಿಜ್ಞಾನಿಗಳು ಕೆಲವೇ ಲವಣಗಳನ್ನು ನೀರಿನಲ್ಲಿ ಕರಗಿಸಿ ಆ ದ್ರಾವಣದಲ್ಲಿ ಗಿಡಗಳನ್ನು ಬೆಳೆದು ತೋರಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗೆರಿಕೆ ಎಂಬಾತನು ಪ್ರಯೋಗಶಾಲೆಯ ಈ ವಿದ್ಯೆಯನ್ನು ಬೇಸಾಯವಾಗಿ ಮಾರ್ಪಡಿಸಲು ಹೊರಟು, ೧೯೩೭ರಲ್ಲಿ ಅದಕ್ಕೆ "ಹೈಡ್ರೊಪೋನಿಕ್ಸ್" ಎಂಬ ಹೆಸರನ್ನು ಪ್ರಚಾರಕ್ಕೆ ತಂದನು. ಗ್ರೀಕ್ ಭಾಷೆಯಲ್ಲಿ ಇದಕ್ಕೆ ನೀರಿನ ದುಡಿಮೆಯೆಂದರ್ಥ. ಅದೇ ವಿಶ್ವವಿದ್ಯಾನಿಲಯದ ಹೋಗ್ಲಂಡ್ ಮತ್ತು ಆರ್ನಾನ್ ಎಂಬವರು ೧೯೩೮ರಲ್ಲಿ ಪ್ರಕಟಿಸಿದ ದ್ರಾವಣದ ಸೂತ್ರವು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದೆ. ನಮ್ಮ ದೇಶದಲ್ಲಿಯೂ ೧೯೪೦ರ ದಶಕದ ಕೊನೆಯ ವರ್ಷಗಳಲ್ಲಿ ಬಂಗಾಳದ ಕಾಲಿಂಪಾಂಗ್ ಪ್ರದೇಶದಲ್ಲಿ ಷೋಲ್ಟೊ ಡಗ್ಲಸ್ ಎಂಬಾತನು ಅಗ್ಗದ ಸಲಕರಣೆಗಳಿಂದ ಈ ಬೇಸಾಯವನ್ನು ನಡೆಸಿ, ೧೯೫೧ರಲ್ಲಿ ಅದರ ವಿಚಾರವಾಗಿ ಪುಸ್ತಕವನ್ನು ಪ್ರಕಟಿಸಿದನು.

ಪಾರ್ಸ್ಲಿಯ ಪರಿಚಯ

ಪಾರ್ಸ್ಲಿಯು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳ ಸೊಪ್ಪು. ನೋಡಲು ಕೊತ್ತಂಬರಿಯನ್ನು ಬಹುವಾಗಿ ಹೋಲುತ್ತದೆ. ಪರಿಮಳ ಮಾತ್ರ ಬೇರೆ. ಈ ಹೋಲಿಕೆ ಆಕಸ್ಮಿಕವಲ್ಲ. ಕೊತ್ತಂಬರಿ, ಸಬ್ಬಸಿಗೆ, ಜೀರಿಗೆ, ಸೋಂಪು, ಓಮ, ಗಜ್ಜರಿ ಇವೆಲ್ಲವೂ ಪಾರ್ಸ್ಲಿಯ ಕುಟುಂಬಕ್ಕೇ ಸೇರಿದವು. ಹೂಗೊಂಚಲು ಕೊಡೆಯಂತೆ ಬಿಚ್ಚಿಕೊಳ್ಳುವುದು ಈ ಕುಟುಂಬದ ಕುರುಹು. ಪಾರ್ಸ್ಲಿಯಲ್ಲಿ ಗುಂಗುರೆಲೆಯ ಜಾತಿ ಮತ್ತು ಚಪ್ಪಟೆ ಎಲೆಯ ಜಾತಿ ಎಂದು ಎರಡು ಬಗೆಗಳು ಮುಖ್ಯವಾದವು.

ಮನೆಯೊಳಗಿನ ತೋಟಕ್ಕೆ ಈ ಗಿಡವು ಒಪ್ಪುವುದಕ್ಕೆ ಒಂದು ಕಾರಣವುಂಟು. ಇದು ದ್ವೈವಾರ್ಷಿಕ ಸಸ್ಯ. ಮೊದಲನೆಯ ವರ್ಷ ನೆಲಕ್ಕಂಟಿದಂತೆ ಎಲೆಗಳ ಗುಚ್ಛವನ್ನಷ್ಟೇ ಬಿಟ್ಟು, ಚಳಿಗಾಲವೊಂದನ್ನು ಕಳೆದಮೇಲೆ ಎರಡನೆಯ ವರ್ಷ ಹೂ ಬಿಡುವುದು ಇದರ ಸ್ವಭಾವ. ಕೊತ್ತಂಬರಿಯು ಬಿಸಿಲೇರಿದೊಡನೆ ಹೂವಿಗೆ ತಿರುಗಿಬಿಡುತ್ತದೆ. ಪಾರ್ಸ್ಲಿಯು ಹಾಗೆ ಅವಸರಪಡದೆ ತಿಂಗಳುಗಟ್ಟಲೆ ಸೊಪ್ಪನ್ನು ಕೊಡುತ್ತದೆ. ಹಸಿಯ ಪಾರ್ಸ್ಲಿ ೧೦೦ ಗ್ರಾಮಿನಲ್ಲಿ ಸುಮಾರು ೧೩೩ ಮಿಲಿಗ್ರಾಂ ಸಿ ಜೀವಸತ್ವವೂ, ಸುಮಾರು ೧೬೪೦ ಮೈಕ್ರೋಗ್ರಾಂ ಕೆ ಜೀವಸತ್ವವೂ ಇರುತ್ತವೆ. ಕೆ ಜೀವಸತ್ವವು ರಕ್ತವು ಹೆಪ್ಪುಗಟ್ಟಲು ನೆರವಾಗುವಂಥದು. ಆದುದರಿಂದ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಎಂಬ ಔಷಧವನ್ನು ಸೇವಿಸುತ್ತಿರುವ ಹಿರಿಯರು ಮನೆಯಲ್ಲಿದ್ದರೆ, ವೈದ್ಯರನ್ನು ಕೇಳದೆ ಅವರ ಊಟದಲ್ಲಿ ಈ ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು.

ಬೀಜದಿಂದ ಸಸಿಗೆ

ಪಾರ್ಸ್ಲಿಯ ಬೀಜವು ಮೊಳೆಯುವುದರಲ್ಲಿ ಬಲು ನಿಧಾನ. ಎರಡರಿಂದ ನಾಲ್ಕು ವಾರಗಳಾದರೂ ಬೇಕು. ಬೀಜವನ್ನು ಒಂದು ದಿನ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ನಡುವೆ ಒಂದೆರಡು ಸಲ ನೀರನ್ನು ಬದಲಾಯಿಸಿದರೆ ಅನುಕೂಲ. ಬೀಜದ ಸಿಪ್ಪೆಯು ಮೆತ್ತಗಾಗುವುದಲ್ಲದೆ, ಮೊಳಕೆಯನ್ನು ತಡೆಯುವ ಕೆಲವು ವಸ್ತುಗಳು ನೀರಿಗಿಳಿದು ಹೋಗುತ್ತವೆ. ಬಳಿಕ ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿಯನ್ನೋ ಸಣ್ಣ ಸ್ಪಂಜಿನ ತುಂಡನ್ನೋ ಒದ್ದೆ ಮಾಡಿ, ಅದರಲ್ಲಿ ಬೀಜವನ್ನು ಅರ್ಧ ಸೆಂಟಿಮೀಟರಿನಷ್ಟು ಆಳದಲ್ಲಿ ಊರಬೇಕು. ಪುಡಿಯು ತೇವವಾಗಿರಬೇಕೇ ಹೊರತು ನೀರು ನಿಲ್ಲಬಾರದು. ಉಷ್ಣತೆಯು ೧೮ರಿಂದ ೨೪ ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಮೊದಲು ಕಾಣುವ ಎರಡು ನೀಳವಾದ ಬೀಜದಳಗಳು ನಿಜವಾದ ಎಲೆಗಳಲ್ಲ. ಅವುಗಳ ಬಳಿಕ ಹಲ್ಲುಹಲ್ಲಾದ ಎಲೆಗಳು ಎರಡು ಮೂರು ಬಂದಮೇಲೆ ಸಸಿಯನ್ನು ನಾರಿನ ಸಮೇತ ಜಾಡಿಗೆ ವರ್ಗಾಯಿಸಬಹುದು.

ಜಾಡಿಯ ರಚನೆಯು ಸುಲಭ. ಮುಚ್ಚಳದಲ್ಲಿ ತೂತು ಮಾಡಿ, ಜಾಲರಿಯಂಥ ಸಣ್ಣ ಬುಟ್ಟಿಯನ್ನು ಅದರಲ್ಲಿ ಇಳಿಬಿಟ್ಟು, ಸಸಿಯನ್ನು ಬುಟ್ಟಿಯಲ್ಲಿ ಕೂರಿಸಬೇಕು. ಬೇರುಗಳು ಕೆಳಗಿನ ದ್ರಾವಣವನ್ನು ಮುಟ್ಟುತ್ತವೆ. ಗಾಜಿನ ಜಾಡಿಯಾದರೆ ಹೊರಗೆ ಕಪ್ಪು ಕಾಗದವನ್ನು ಸುತ್ತಬೇಕು. ಇಲ್ಲವಾದರೆ ಬೆಳಕೂ ಲವಣವೂ ಒಟ್ಟಿಗೆ ಸಿಕ್ಕಿ ಪಾಚಿಯು ಬೆಳೆದು, ಗಿಡದ ಪಾಲನ್ನು ತಾನು ಕಬಳಿಸುತ್ತದೆ.

ಪೋಷಕ ದ್ರಾವಣ

ಸಸ್ಯಗಳಿಗೆ ಅವಶ್ಯವಾದ ಮೂಲವಸ್ತುಗಳು ಹದಿನೇಳು. ಇವುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕಗಳು ಗಾಳಿಯಿಂದಲೂ ನೀರಿನಿಂದಲೂ ಬರುತ್ತವೆ. ಉಳಿದ ಹದಿನಾಲ್ಕನ್ನು ಬೇರು ಹೀರಬೇಕು. ಸಾರಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ ಈ ಆರು ಹೆಚ್ಚಾಗಿ ಬೇಕು. ಕಬ್ಬಿಣ, ಮ್ಯಾಂಗನೀಸ್, ಬೋರಾನ್, ಸತು, ತಾಮ್ರ, ಮಾಲಿಬ್ಡಿನಂ, ಕ್ಲೋರಿನ್, ನಿಕ್ಕಲ್ ಈ ಎಂಟು ಅತ್ಯಲ್ಪವಾಗಿ ಬೇಕು. ವಾನ್ ಹೆಲ್ಮಾಂಟನು ಲೆಕ್ಕಕ್ಕೆ ಹಿಡಿಯದ ಎರಡು ಔನ್ಸೆಂದರೆ ಇವೇ.

ಹೋಗ್ಲಂಡನ ಸೂತ್ರವನ್ನು ಅರ್ಧದಷ್ಟು ಸಾಂದ್ರತೆಗೆ ಇಳಿಸಿದರೆ ಪಾರ್ಸ್ಲಿಗೆ ಸಾಕಾಗುತ್ತದೆ. ಹತ್ತು ಲೀಟರು ನೀರಿಗೆ ಕ್ಯಾಲ್ಸಿಯಂ ನೈಟ್ರೇಟ್ ೫.೯ ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್ ೨.೫ ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ ೨.೫ ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೊಜನ್ ಫಾಸ್ಫೇಟ್ ೦.೭ ಗ್ರಾಂ. ಕಬ್ಬಿಣವೂ ಇತರ ಅಲ್ಪವಸ್ತುಗಳೂ ಮಿಲಿಗ್ರಾಮುಗಳ ಲೆಕ್ಕದಲ್ಲಿ ಬೇಕಾದುದರಿಂದ ಅವುಗಳ ಸಿದ್ಧ ಮಿಶ್ರಣವನ್ನು ಕೊಂಡು, ಅದರ ಮೇಲಿನ ಸೂಚನೆಯಂತೆ ಬೆರೆಸುವುದೇ ಕ್ಷೇಮ. ಲವಣಗಳನ್ನು ಒಟ್ಟಿಗೆ ಸುರಿದು ಸ್ವಲ್ಪ ನೀರಿನಲ್ಲಿ ಕಲಸಬಾರದು. ಗಟ್ಟಿ ದ್ರಾವಣದಲ್ಲಿ ಕ್ಯಾಲ್ಸಿಯಂ ಮತ್ತು ಸಲ್ಫೇಟುಗಳು ಸೇರಿ ಜಿಪ್ಸಮ್ ಆಗಿ ತಳಕ್ಕಿಳಿಯುತ್ತವೆ, ಫಾಸ್ಫೇಟೂ ಹಾಗೆಯೇ. ತಳಕ್ಕಿಳಿದ ಆಹಾರವು ಗಿಡಕ್ಕೆ ಇಲ್ಲದ ಆಹಾರವೇ ಸರಿ. ಆದುದರಿಂದ ಒಂದು ಲವಣವು ಪೂರ್ತಿ ನೀರಿನಲ್ಲಿ ಕರಗಿದ ಬಳಿಕವೇ ಇನ್ನೊಂದನ್ನು ಹಾಕಬೇಕು.

ದ್ರಾವಣವು ಸರಿಯಾಗಿದೆಯೇ ಎಂದು ತಿಳಿಯಲು ಎರಡು ಅಳತೆಗಳುಂಟು. ಮೊದಲನೆಯದು ವಿದ್ಯುದ್ವಾಹಕತೆ. ಶುದ್ಧವಾದ ನೀರು ವಿದ್ಯುತ್ತನ್ನು ಬಹಳ ಮಟ್ಟಿಗೆ ಹರಿಯಗೊಡದು. ಲವಣಗಳ ಅಯಾನುಗಳು ಹೆಚ್ಚಿದಂತೆ ಪ್ರವಾಹವು ಹೆಚ್ಚುತ್ತದೆ. ಪಾರ್ಸ್ಲಿಗೆ ಇದು ಸೆಂಟಿಮೀಟರಿಗೆ ೦.೮ರಿಂದ ೧.೮ ಮಿಲಿಸೀಮೆನ್ಸ್ ಇದ್ದರೆ ಸಾಕು. ಆದರೆ ಈ ಅಳತೆಯು ಒಟ್ಟು ಎಷ್ಟು ಅಯಾನುಗಳಿವೆಯೆಂದು ಹೇಳುವುದೇ ಹೊರತು, ಅವು ಯಾವುವೆಂದು ಹೇಳಲಾರದು. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರು, ನಾವು ಒಂದು ಚಿಟಿಕೆ ಲವಣವನ್ನೂ ಹಾಕುವ ಮೊದಲೇ ಸಾಕಷ್ಟು ವಾಹಕತೆಯನ್ನು ತೋರಿಸಬಹುದು. ಆದುದರಿಂದ ಶೇಖರಿಸಿದ ಮಳೆನೀರಿನಿಂದ ಪ್ರಾರಂಭಿಸುವುದು ಮೇಲು.

ಎರಡನೆಯದು ಆಮ್ಲತೆಯ ಅಳತೆಯಾದ ಪಿಎಚ್. ಇದು ೫.೫ರಿಂದ ೬.೫ರ ಒಳಗಿರಬೇಕು. ಈ ಮಾನವು ಲಘುಗಣಕದ ಮಾನವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು; ೭ರಿಂದ ೫ಕ್ಕಿಳಿದರೆ ಆಮ್ಲತೆಯು ಎರಡರಷ್ಟಲ್ಲ, ನೂರರಷ್ಟಾಗುತ್ತದೆ. ಪಿಎಚ್ ಮೇಲೇರಿದರೆ ಕಬ್ಬಿಣವು ಕರಗದ ರೂಪಕ್ಕೆ ತಿರುಗಿ, ದ್ರಾವಣದಲ್ಲಿದ್ದರೂ ಗಿಡದ ಪಾಲಿಗೆ ಇಲ್ಲದಂತಾಗುತ್ತದೆ. ಇಳಿಸಬೇಕಾದರೆ ದುರ್ಬಲಗೊಳಿಸಿದ ಫಾಸ್ಫಾರಿಕ್ ಆಮ್ಲವನ್ನು ಹನಿಹನಿಯಾಗಿ ಬೆರೆಸಬೇಕು. ಆಮ್ಲವನ್ನು ದುರ್ಬಲಗೊಳಿಸುವಾಗ ನೀರಿಗೆ ಆಮ್ಲವನ್ನು ಹಾಕಬೇಕು. ಆಮ್ಲಕ್ಕೆ ನೀರನ್ನು ಎಂದೂ ಹಾಕಬಾರದು.

ನಮ್ಮ ಮೊದಲ ಸೋಲು

ಇಷ್ಟೆಲ್ಲವನ್ನೂ ಓದಿಕೊಂಡು, ಕಾಲೇಜಿನ ಪ್ರಯೋಗಶಾಲೆಯ ಕಿಟಕಿಯ ಬಳಿ ನಾವೂ ಕೆಲವರು ವಿದ್ಯಾರ್ಥಿಗಳೂ ಸೇರಿ ನಾಲ್ಕು ಜಾಡಿಗಳಲ್ಲಿ ಪಾರ್ಸ್ಲಿಯನ್ನಿಟ್ಟೆವು. ಬೀಜವು ಮೊಳೆಯಲು ಮೂರು ವಾರ ಹಿಡಿಯಿತು. ವಿದ್ಯಾರ್ಥಿನಿಯೊಬ್ಬಳು ಪ್ರತಿದಿನವೂ ಬಂದು ನೋಡಿ ದಿನಚರಿಯನ್ನು ಬರೆದಿಡುತ್ತಿದ್ದಳು. ಸಸಿಗಳು ಅಂಗೈಯಷ್ಟಾಗುವವರೆಗೆ ಎಲ್ಲವೂ ಸುಗಮವಾಗಿಯೇ ನಡೆಯಿತು. ಅಷ್ಟರಲ್ಲಿ ಏಪ್ರಿಲ್ ಬಂದಿತು. ಕೆಳಗಿನ ಎಲೆಗಳು ಹಳದಿಯಾಗತೊಡಗಿದುವು. ಮಧ್ಯಾಹ್ನದ ಹೊತ್ತಿಗೆ ಗಿಡಗಳು ಜೋತುಬೀಳುತ್ತಿದ್ದುವು.

ಹಳದಿಯೆಂದರೆ ಸಾರಜನಕದ ಕೊರತೆಯೆಂದು ಪುಸ್ತಕದಲ್ಲಿ ಓದಿದ್ದೆವಲ್ಲ! "ಗಿಡಕ್ಕೆ ಹಸಿವಾಗಿದೆ" ಎಂದು ನಾವು ಹೇಳಿದೆವು. "ಕಾರಣ: ಆಹಾರದ ಕೊರತೆ" ಎಂದು ಆಕೆ ಬರೆದುಕೊಂಡಳು. ಲವಣಗಳನ್ನು ಇಮ್ಮಡಿ ಮಾಡಿದೆವು, ವಾಹಕತೆಯು ೧.೨ರಿಂದ ೨.೪ಕ್ಕೇರಿತು. ಗಿಡಗಳು ಚೇತರಿಸಿಕೊಳ್ಳುವುದಕ್ಕೆ ಬದಲಾಗಿ ಇನ್ನಷ್ಟು ಕುಸಿದವು. ಆಗ ಆ ವಿದ್ಯಾರ್ಥಿನಿಯೇ, "ಸರ್, ನೀರಿನಲ್ಲಿಯೇ ನಿಂತಿರುವ ಗಿಡ ಬಾಡುವುದು ಹೇಗೆ?" ಎಂದು ಕೇಳಿದಳು.

ಆ ಪ್ರಶ್ನೆಯನ್ನು ನಾವು ಮೊದಲೇ ಕೇಳಿಕೊಳ್ಳಬೇಕಾಗಿತ್ತು. ಮುಚ್ಚಳವನ್ನೆತ್ತಿ ನೋಡಿದೆವು. ಬೆಳ್ಳಗಿರಬೇಕಾದ ಬೇರುಗಳು ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗಿದ್ದುವು. ಕೊಳೆತ ವಾಸನೆ ಬರುತ್ತಿತ್ತು. ಥರ್ಮಾಮೀಟರನ್ನು ಅದ್ದಿದರೆ ದ್ರಾವಣದ ಉಷ್ಣತೆ ೩೧ ಡಿಗ್ರಿ. ಮೇಜಿನ ಮೇಲೆಯೇ ಇದ್ದ ಥರ್ಮಾಮೀಟರನ್ನು ಅಷ್ಟು ದಿನವೂ ನಾವು ಜಾಡಿಗೆ ಅದ್ದಿರಲಿಲ್ಲ. ಗಿಡಕ್ಕೆ ಆದದ್ದು ಹಸಿವಲ್ಲ. ಅದರ ಬೇರಿಗೆ ಉಸಿರು ಕಟ್ಟಿತ್ತು. ಉಸಿರು ಕಟ್ಟಿದವನಿಗೆ ನಾವು ಊಟವನ್ನು ಬಡಿಸುತ್ತಿದ್ದೆವು.

ಬೇರಿಗೂ ಉಸಿರು ಬೇಕು

ಎಲೆಯು ಬೆಳಕಿನಲ್ಲಿ ಆಮ್ಲಜನಕವನ್ನು ಹೊರಬಿಡುತ್ತದೆಂಬುದನ್ನು ಎಲ್ಲರೂ ಬಲ್ಲರು. ಬೇರು ಕತ್ತಲೆಯಲ್ಲಿ ಆಮ್ಲಜನಕವನ್ನು ಒಳಕ್ಕೆ ತೆಗೆದುಕೊಳ್ಳುತ್ತದೆಂಬುದು ಅಷ್ಟಾಗಿ ನೆನಪಿಗೆ ಬಾರದು. ಲವಣದ ಅಯಾನುಗಳನ್ನು ಒಳಕ್ಕೆಳೆಯಲು ಬೇರಿನ ಕೋಶಗಳಿಗೆ ಶಕ್ತಿ ಬೇಕು. ಆ ಶಕ್ತಿಯು ಉಸಿರಾಟದಿಂದ ಬರಬೇಕು. ಹೊಲದ ಮಣ್ಣಿನಲ್ಲಿ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯಿರುತ್ತದೆ. ಜಾಡಿಯಲ್ಲಿ ಅದೆಲ್ಲಿ?

ಅಂಕಿಗಳನ್ನು ನೋಡೋಣ. ೨೫ ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರು ಗಾಳಿಯಲ್ಲಿ ಸುಮಾರು ೨೭೦ ಮಿಲಿಗ್ರಾಂ ಆಮ್ಲಜನಕವಿರುತ್ತದೆ. ಅದೇ ಉಷ್ಣತೆಯಲ್ಲಿ ಒಂದು ಲೀಟರು ನೀರು ಹೆಚ್ಚೆಂದರೆ ೮.೩ ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಳ್ಳಬಲ್ಲುದು. ಎಂದರೆ ಮೂವತ್ತರಲ್ಲಿ ಒಂದು ಪಾಲಿನಷ್ಟು. ಅದೂ ಮುಗಿದರೆ ಮೇಲಿನಿಂದ ಇಳಿದು ಬರುವುದು ಬಹು ನಿಧಾನ. ನಿಶ್ಚಲವಾದ ನೀರಿನಲ್ಲಿ ಆಮ್ಲಜನಕವು ವ್ಯಾಪಿಸುವ ವೇಗವು ಗಾಳಿಯಲ್ಲಿರುವುದರ ಹತ್ತು ಸಾವಿರದಲ್ಲೊಂದು ಪಾಲು. ಇದರ ಮೇಲೆ ಉಷ್ಣತೆಯ ಪ್ರಭಾವವಿದೆ. ಸಮುದ್ರಮಟ್ಟದ ಒತ್ತಡದಲ್ಲಿ ೨೦ ಡಿಗ್ರಿಯ ನೀರು ಲೀಟರಿಗೆ ೯.೧ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದುಕೊಂಡರೆ, ೩೦ ಡಿಗ್ರಿಯ ನೀರು ೭.೬ ಮಿಲಿಗ್ರಾಮನ್ನಷ್ಟೇ ಹಿಡಿಯುತ್ತದೆ. ಆದರೆ ಹತ್ತು ಡಿಗ್ರಿ ಏರಿದಾಗ ಬೇರಿನ ಉಸಿರಾಟವು ಸುಮಾರು ಇಮ್ಮಡಿಯಾಗುತ್ತದೆ. ಆದಾಯ ಕುಗ್ಗುವ ಹೊತ್ತಿಗೇ ಖರ್ಚು ಇಮ್ಮಡಿಯಾದ ಸಂಸಾರದಂತೆ ಬೇರು ದಿವಾಳಿಯಾಗುತ್ತದೆ. ಬೆಚ್ಚಗಿನ, ಗಾಳಿಯಿಲ್ಲದ ನೀರಿನಲ್ಲಿ ಪಿಥಿಯಂ ಎಂಬ ಸೂಕ್ಷ್ಮಜೀವಿಯು ಸುಲಭವಾಗಿ ಬೆಳೆದು, ದುರ್ಬಲವಾದ ಬೇರನ್ನು ಕೊಳೆಯಿಸುತ್ತದೆ.

ಇನ್ನು ಆಕೆಯ ಪ್ರಶ್ನೆಗೆ ಉತ್ತರ. ಆಮ್ಲಜನಕವಿಲ್ಲದೆ ಬೇರಿನ ಕೋಶಗಳೊಳಗೆ ಆಮ್ಲತೆ ಹೆಚ್ಚಿದಾಗ, ಅವುಗಳ ಪೊರೆಯಲ್ಲಿ ನೀರು ಹಾಯುವ ಸೂಕ್ಷ್ಮದ್ವಾರಗಳು ಮುಚ್ಚಿಕೊಳ್ಳುತ್ತವೆ. ಸುತ್ತಲೂ ನೀರಿದ್ದರೂ ಅದು ಒಳಕ್ಕೆ ಬಾರದು. ನಾವು ಹೆಚ್ಚು ಲವಣವನ್ನು ಬೆರೆಸಿ ಈ ಕಷ್ಟಕ್ಕೆ ಮತ್ತೊಂದನ್ನು ಸೇರಿಸಿದೆವು. ದ್ರಾವಣದ ಪರಾಸರಣ ಒತ್ತಡವು ಕರಗಿದ ಕಣಗಳ ಸಂಖ್ಯೆಯೊಂದಿಗೆ ಏರುತ್ತದೆಂಬುದನ್ನು ಭೌತರಸಾಯನದಲ್ಲಿ ಓದಿದ್ದೀರಿ. ವಾಹಕತೆ ೧.೨ ಇದ್ದಾಗ ಈ ಒತ್ತಡವು ಸುಮಾರು ನಾಲ್ಕೂವರೆ ಮೀಟರು ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮ, ೨.೪ ಆದಾಗ ಸುಮಾರು ಒಂಬತ್ತು ಮೀಟರಿನದು. ಅಷ್ಟು ಸೆಳೆತವನ್ನು ಮೀರಿ ಬೇರು ನೀರನ್ನು ಎಳೆದುಕೊಳ್ಳಬೇಕು. ಆರೋಗ್ಯವಾದ ಬೇರು ಅದನ್ನು ತಡೆದೀತು. ಸಾಯುತ್ತಿರುವ ಬೇರು ತಡೆಯಲಾರದು.

ಪರಿಹಾರಗಳು ಸುಲಭವಾದುವೇ. ಮೀನಿನ ತೊಟ್ಟಿಗೆ ಗಾಳಿಯೂದುವ ಸಣ್ಣ ಪಂಪಿನಿಂದ ದ್ರಾವಣದಲ್ಲಿ ಗುಳ್ಳೆಗಳನ್ನೆಬ್ಬಿಸಬಹುದು. ಪಂಪು ಬೇಡವಾದರೆ ಹವಾಯಿ ವಿಶ್ವವಿದ್ಯಾನಿಲಯದ ಕ್ರಾಟ್ಕಿ ಎಂಬ ವಿಜ್ಞಾನಿ ರೂಢಿಸಿದ ಕ್ರಮವಿದೆ. ಗಿಡವು ನೀರನ್ನು ಕುಡಿದಂತೆ ದ್ರಾವಣದ ಮಟ್ಟವು ಇಳಿಯುತ್ತದೆ. ಆಗ ಮೇಲುಭಾಗದ ಬೇರುಗಳು ತೇವವಾದ ಗಾಳಿಯಲ್ಲಿ ತೂಗಾಡುತ್ತ ಉಸಿರಾಡುತ್ತವೆ, ಕೆಳಗಿನವು ಕುಡಿಯುತ್ತವೆ. ಹೀಗೆ ಖಾಲಿಯಾದ ಜಾಗವನ್ನು ಕಂಠಪೂರ್ತಿ ತುಂಬಿಬಿಡುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಜಾಡಿಯ ಕಪ್ಪು ಕಾಗದದ ಮೇಲೆ ಬಿಳಿಯ ಕಾಗದವನ್ನು ಸುತ್ತಿದರೆ ಒಳಗೆ ಕತ್ತಲೆಯೂ ಹೊರಗೆ ತಂಪೂ ಆಗುತ್ತದೆ. ದ್ರಾವಣವನ್ನು ೨೪ ಡಿಗ್ರಿಗಿಂತ ಕೆಳಗಿರಿಸಲು ಯತ್ನಿಸಬೇಕು. ಎರಡು ವಾರಕ್ಕೊಮ್ಮೆ ಅದನ್ನು ಪೂರ್ತಿಯಾಗಿ ಬದಲಾಯಿಸಬೇಕು.

ಬೆಳಕಿನ ಲೆಕ್ಕ

ಕೋಣೆಯಲ್ಲಿ ಚೆನ್ನಾಗಿ ಬೆಳಕಿದೆಯೆಂದು ನಮ್ಮ ಕಣ್ಣು ಹೇಳಿದರೆ ಅದನ್ನು ನಂಬಬಾರದು. ಕಣ್ಣಿನ ಪಾಪೆಯೂ ಅಕ್ಷಿಪಟವೂ ಬೆಳಕಿಗೆ ತಕ್ಕಂತೆ ಹೊಂದಿಕೊಂಡುಬಿಡುತ್ತವೆ. ಎಲೆಗೆ ಆ ಅನುಕೂಲವಿಲ್ಲ. ಅದು ತನ್ನ ಮೇಲೆ ಬಿದ್ದ ಫೋಟಾನುಗಳ ಸಂಖ್ಯೆಯನ್ನೇ ಲೆಕ್ಕ ಹಿಡಿಯುತ್ತದೆ. ೪೫೦ ನ್ಯಾನೊಮೀಟರ್ ತರಂಗಾಂತರದ ನೀಲಿ ಫೋಟಾನಿನ ಶಕ್ತಿಯು ೨.೭೬ ಎಲೆಕ್ಟ್ರಾನ್ ವೋಲ್ಟ್, ೬೬೦ ನ್ಯಾನೊಮೀಟರಿನ ಕೆಂಪು ಫೋಟಾನಿನದು ೧.೮೮. ನೀಲಿಯಲ್ಲಿರುವ ಹೆಚ್ಚಿನ ಶಕ್ತಿಯು ದ್ಯುತಿಸಂಶ್ಲೇಷಣೆಗೆ ಒದಗದೆ ಶಾಖವಾಗಿ ಹೋಗುತ್ತದೆ. ಹಸುರು ಬೆಳಕು ಗಿಡಕ್ಕೆ ನಿಷ್ಪ್ರಯೋಜಕವೆಂಬ ಹಳೆಯ ಮಾತೂ ಸರಿಯಲ್ಲ. ೧೯೭೨ರಲ್ಲಿ ಮಕ್ರೀ ಎಂಬ ವಿಜ್ಞಾನಿ ಪ್ರಕಟಿಸಿದ ಅಳತೆಗಳು, ಹಸುರು ಬೆಳಕನ್ನೂ ಎಲೆಯು ಸಾಕಷ್ಟು ಬಳಸಿಕೊಳ್ಳುತ್ತದೆಂದು ತೋರಿಸಿದುವು. ಆದುದರಿಂದ ಸಾಮಾನ್ಯ ಬಿಳಿಯ ಎಲ್.ಇ.ಡಿ. ದೀಪವೇ ಸಾಕು, ನೇರಳೆಬಣ್ಣದ ವಿಶೇಷ ದೀಪವೇನೂ ಬೇಕಾಗಿಲ್ಲ.

ಪಾರ್ಸ್ಲಿಗೆ ಚದರ ಮೀಟರಿಗೆ ಸೆಕೆಂಡಿಗೆ ೨೦೦ ಮೈಕ್ರೋಮೋಲ್ ಫೋಟಾನುಗಳನ್ನು ದಿನಕ್ಕೆ ೧೪ ಗಂಟೆ ಕೊಟ್ಟರೆ, ೨೦೦ × ೩೬೦೦ × ೧೪ ಎಂದು ಗುಣಿಸಿ, ದಿನಕ್ಕೆ ಸುಮಾರು ೧೦ ಮೋಲ್ ಆಗುತ್ತದೆ. ಸೊಪ್ಪಿನ ಗಿಡಕ್ಕೆ ಇದು ಉಚಿತವಾದ ಮೊತ್ತ. ಬಿಳಿಯ ಎಲ್.ಇ.ಡಿ. ಬೆಳಕಿನಲ್ಲಿ ಸುಮಾರು ೭೦ ಲಕ್ಸಿಗೆ ಒಂದು ಮೈಕ್ರೋಮೋಲ್. ಓದಲು ಸಾಕೆನಿಸುವ ೫೦೦ ಲಕ್ಸಿನ ಕೋಣೆಯಲ್ಲಿ ಗಿಡಕ್ಕೆ ದೊರೆಯುವುದು ೭ ಮೈಕ್ರೋಮೋಲ್. ಬೇಕಾದುದರ ಸುಮಾರು ಮೂವತ್ತರಲ್ಲೊಂದು ಪಾಲು! ಅಂಥ ಕೋಣೆಯಲ್ಲಿ ಪಾರ್ಸ್ಲಿಯು ಬಿಳಿಚಿಕೊಂಡು, ನೀಳವಾದ ಬಡಕಲು ತೊಟ್ಟುಗಳನ್ನು ಬೆಳಕಿನತ್ತ ಚಾಚಿ ಬಾಗುವುದರಲ್ಲಿ ಆಶ್ಚರ್ಯವೇನು?

ವ್ಯಾಟಿಗೆ ೧೦೦ ಲ್ಯೂಮೆನ್ ಕೊಡುವ ೩೦ ವ್ಯಾಟಿನ ದೀಪದ ಬೆಳಕೆಲ್ಲವೂ ೫೦ ಸೆಂಟಿಮೀಟರು ಉದ್ದ, ೪೦ ಸೆಂಟಿಮೀಟರು ಅಗಲದ ಜಾಗದ ಮೇಲೆ ಬಿದ್ದರೆ ೧೫,೦೦೦ ಲಕ್ಸ್ ಆಗುತ್ತದೆ. ಎಂದರೆ ೨೦೦ ಮೈಕ್ರೋಮೋಲಿಗೆ ತುಸು ಹೆಚ್ಚು. ಬೆಳಕು ಅತ್ತಿತ್ತ ಚೆಲ್ಲಿಹೋಗದಂತೆ ದೀಪವನ್ನು ಎಲೆಗಳ ಮೇಲೆ ೧೫ರಿಂದ ೩೦ ಸೆಂಟಿಮೀಟರು ಎತ್ತರದಲ್ಲಿ ಕಟ್ಟಿ, ಬದಿಗಳಲ್ಲಿ ಬಿಳಿಯ ರಟ್ಟನ್ನು ನಿಲ್ಲಿಸಬೇಕು.

ಎಲೆಯ ಭಾಷೆ

ಎಲೆಯು ಹಳದಿಯಾಯಿತೆಂದಷ್ಟೇ ನೋಡಿದರೆ ಸಾಲದು. ಯಾವ ಎಲೆ, ಎಲೆಯ ಯಾವ ಭಾಗ ಎಂದು ನೋಡಬೇಕು. ಇದರ ಹಿಂದೆ ಸರಳವಾದ ತರ್ಕವಿದೆ. ಸಾರಜನಕ, ಮೆಗ್ನೀಸಿಯಂಗಳನ್ನು ಗಿಡವು ಹಳೆಯ ಎಲೆಯಿಂದ ಬಿಡಿಸಿ ಎಳೆಯ ಎಲೆಗೆ ಸಾಗಿಸಬಲ್ಲುದು. ಆದುದರಿಂದ ಅವುಗಳ ಕೊರತೆಯು ಮೊದಲು ಹಳೆಯ ಎಲೆಗಳಲ್ಲಿ ಕಾಣಿಸುತ್ತದೆ. ಸಾರಜನಕ ಕಡಮೆಯಾದರೆ ಎಲೆಯೆಲ್ಲವೂ ಹಳದಿಯಾಗುತ್ತದೆ. ಮೆಗ್ನೀಸಿಯಂ ಕಡಮೆಯಾದರೆ ನರಗಳು ಹಸುರಾಗಿದ್ದು ನಡುವಣ ಭಾಗ ಮಾತ್ರ ಹಳದಿಯಾಗುತ್ತದೆ. ಕಬ್ಬಿಣ, ಕ್ಯಾಲ್ಸಿಯಂಗಳು ಒಮ್ಮೆ ನೆಲೆನಿಂತರೆ ಕದಲುವುದಿಲ್ಲ. ಅವುಗಳ ಕೊರತೆಯು ಎಳೆಯ ಎಲೆಗಳಲ್ಲಿಯೇ ತೋರುತ್ತದೆ. ಕಬ್ಬಿಣ ಸಾಲದಿದ್ದರೆ ಸುಳಿಯ ಎಲೆಗಳ ನರಗಳ ನಡುವೆ ಹಳದಿ ಕಾಣುತ್ತದೆ; ಕ್ಯಾಲ್ಸಿಯಂ ಸಾಲದಿದ್ದರೆ ಸುಳಿಯ ತುದಿ ಕಂದಿ ಕಪ್ಪಾಗುತ್ತದೆ. ಕ್ಯಾಲ್ಸಿಯಂ ನೀರಿನ ಜೊತೆಯಲ್ಲಿ ಮಾತ್ರ ಮೇಲೇರುವುದರಿಂದ, ದ್ರಾವಣದಲ್ಲಿ ಅದು ಬೇಕಾದಷ್ಟಿದ್ದರೂ ಗಾಳಿಯಾಡದ ಕೋಣೆಯಲ್ಲಿ ಎಲೆಗಳಿಂದ ನೀರು ಆವಿಯಾಗದೆ ಸುಳಿಗೆ ಕೊರತೆಯುಂಟಾಗಬಹುದು. ಅಲ್ಲಿ ಬೇಕಾದುದು ಲವಣವಲ್ಲ, ಸಣ್ಣದೊಂದು ಫ್ಯಾನು.

ಆದರೆ ಈ ಪಟ್ಟಿಯನ್ನು ಬಾಯಿಪಾಠ ಮಾಡಿ ತೀರ್ಪು ಕೊಡುವವರು ನಮ್ಮಂತೆಯೇ ಎಡವುತ್ತಾರೆ. ಬೇರು ಕೆಟ್ಟರೆ ಯಾವ ಲವಣವೂ ಒಳಸೇರದೆ ಎಲ್ಲ ಕೊರತೆಗಳ ಲಕ್ಷಣಗಳೂ ಕಾಣಬಹುದು. ಆದುದರಿಂದ ಕ್ರಮವು ಹೀಗಿರಲಿ: ಮೊದಲು ಬೇರನ್ನು ನೋಡಬೇಕು, ಬಳಿಕ ಉಷ್ಣತೆ, ಪಿಎಚ್, ವಾಹಕತೆಗಳನ್ನು ಅಳೆಯಬೇಕು, ಕೊನೆಗೆ ಲವಣದ ಮಾತು. ಬದಲಾಯಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ನಮ್ಮ ಎರಡನೆಯ ಪ್ರಯತ್ನದಲ್ಲಿ ಒಂದೇ ದ್ರಾವಣ, ಒಂದೇ ಬೆಳಕು, ಒಂದೇ ವಯಸ್ಸಿನ ಸಸಿಗಳನ್ನಿಟ್ಟು, ಎರಡು ಜಾಡಿಗಳಿಗೆ ಮಾತ್ರ ಗಾಳಿಯೂದಿದೆವು. ಗಾಳಿ ಪಡೆದವುಗಳ ಬೇರು ಬೆಳ್ಳಗೆ ತೊಂಗಲಾಗಿ ಇಳಿಯಿತು. ಉಳಿದೆರಡರ ಬೇರು ಮೊಟಕಾಗಿ ಮಾಸಿಹೋಯಿತು. ನಾಲ್ಕೇ ಜಾಡಿಗಳಿಂದ ದೊಡ್ಡ ಸಿದ್ಧಾಂತವನ್ನು ಕಟ್ಟಲಾಗದು. ಆದರೆ ಮೊದಲ ಸಲ ನಾವು ಮಾಡಿದ ಊಹೆಯನ್ನು ತಿದ್ದಿಕೊಳ್ಳಲು ಅಷ್ಟು ಸಾಕಾಯಿತು.

ಕೊಯ್ಲು ಮತ್ತು ಲೆಕ್ಕಾಚಾರ

ಬಿತ್ತಿದ ಎಪ್ಪತ್ತರಿಂದ ತೊಂಬತ್ತು ದಿನಗಳಲ್ಲಿ ಸೊಪ್ಪು ಕೊಯ್ಲಿಗೆ ಬರುತ್ತದೆ. ಹೊರಸುತ್ತಿನ ಬಲಿತ ತೊಟ್ಟುಗಳನ್ನು ಬುಡದಲ್ಲಿ ಕತ್ತರಿಸಬೇಕು. ಹೊಸ ಎಲೆಗಳು ಹುಟ್ಟುವ ನಡುವಣ ಸುಳಿಯನ್ನು ಮುಟ್ಟಬಾರದು. ಒಂದು ಸಲಕ್ಕೆ ಗಿಡದ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ತೆಗೆಯಬಾರದು. ಹೀಗೆ ಮಾಡಿದರೆ ಅದೇ ಗಿಡವು ಮತ್ತೆ ಮತ್ತೆ ಚಿಗುರುತ್ತದೆ.

ಜಲಕೃಷಿಯಿಂದ ಹೊಲಗದ್ದೆಗಳೇ ಬೇಡವಾಗುವುವೆಂದು ಉತ್ಸಾಹಿಗಳು ಕೆಲವರು ಹೇಳುವುದುಂಟು. ಅಲ್ಲಿಯೂ ತಕ್ಕಡಿಯನ್ನು ಹಿಡಿದೇ ಮಾತಾಡಬೇಕು. ನಮ್ಮ ೩೦ ವ್ಯಾಟಿನ ದೀಪವು ದಿನಕ್ಕೆ ೧೪ ಗಂಟೆ ಉರಿದರೆ ೦.೪೨ ಯೂನಿಟ್ ವಿದ್ಯುತ್ತು. ತೊಂಬತ್ತು ದಿನಕ್ಕೆ ಸುಮಾರು ೩೮ ಯೂನಿಟ್. ಹೊರಗೆ ಬಿಟ್ಟಿಯಾಗಿ ಸುರಿಯುವ ಬಿಸಿಲನ್ನು ನಾವು ಒಳಗೆ ಹಣಕೊಟ್ಟು ಕೊಳ್ಳುತ್ತಿದ್ದೇವೆ. ಭತ್ತ ರಾಗಿಗಳನ್ನು ಹೀಗೆ ಬೆಳೆಯಹೊರಟರೆ ಮನೆ ಮುಳುಗೀತು. ಮಣ್ಣು ಇಲ್ಲದೆಡೆ, ನೀರು ವಿರಳವಾದೆಡೆ, ಅಥವಾ ಮಣ್ಣನ್ನು ಕೊಂಡೊಯ್ಯಲಾಗದೆಡೆ ಇದರ ಬೆಲೆ ತಿಳಿಯುತ್ತದೆ. ೨೦೧೫ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಯಾತ್ರಿಕರು ಅಲ್ಲಿಯೇ ದೀಪದ ಬೆಳಕಿನಲ್ಲಿ ಬೆಳೆದ ಲೆಟ್ಯೂಸ್ ಸೊಪ್ಪನ್ನು ತಿಂದರು. ವಿದ್ಯಾರ್ಥಿಗೆ ಮಾತ್ರ ಇದರ ಬೆಲೆ ಬೇರೆಯೇ ಬಗೆಯದು. ಮಣ್ಣಿನೊಳಗೆ ಕಾಣದಂತೆ ನಡೆಯುವ ವ್ಯಾಪಾರವೆಲ್ಲವೂ ಇಲ್ಲಿ ಅವನ ಕಣ್ಣಮುಂದೆ, ಅಳತೆಗೆ ಸಿಕ್ಕುವಂತೆ ನಡೆಯುತ್ತದೆ.

ಆ ವಿದ್ಯಾರ್ಥಿನಿಯ ದಿನಚರಿಯು ಈಗಲೂ ಪ್ರಯೋಗಶಾಲೆಯ ಬೀರುವಿನಲ್ಲಿದೆ. "ಕಾರಣ: ಆಹಾರದ ಕೊರತೆ" ಎಂಬ ಸಾಲನ್ನು ಅಳಿಸಿಬಿಡಲೇ ಎಂದು ಆಕೆ ಕೇಳಿದ್ದಳು. ಬೇಡವೆಂದೆವು. ಆ ಸಾಲಿನ ಮೇಲೆ ಒಂದು ಗೆರೆಯನ್ನೆ​ಳೆದು, ಕೆಳಗೆ ತಾರೀಖು ಹಾಕಿ, "ಇದು ಅಧ್ಯಾಪಕರ ಊಹೆ. ಬೇರನ್ನು ನೋಡಿರಲಿಲ್ಲ; ಉಷ್ಣತೆಯನ್ನು ಅಳೆದಿರಲಿಲ್ಲ" ಎಂದು ಬರೆಯಹೇಳಿದೆವು. ವಾನ್ ಹೆಲ್ಮಾಂಟನು ಆ ಎರಡು ಔನ್ಸನ್ನು ನಂಬಲಿಲ್ಲ. ಆದರೆ ಮುಚ್ಚಿಡದೆ ಬರೆದಿಟ್ಟನು. ಬರೆದಿಟ್ಟುದರಿಂದಲೇ ಮುಂದಿನವರು ಅದನ್ನು ಹುಡುಕಿಕೊಂಡು ಹೋಗಲು ಸಾಧ್ಯವಾಯಿತು. ನಮ್ಮ ವಾಚಕರಲ್ಲಿ ಯಾರಾದರೂ ಈ ಬೇಸಗೆಯ ರಜೆಯಲ್ಲಿ ಒಂದು ಜಾಡಿಯನ್ನಿಟ್ಟು ನೋಡುವುದಾದರೆ, ಅದರ ಪಕ್ಕದಲ್ಲಿ ಒಂದು ಥರ್ಮಾಮೀಟರನ್ನೂ ಒಂದು ದಿನಚರಿಯನ್ನೂ ತಪ್ಪದೆ ಇಡಲಿ.